ಒಂದೇ ಉಸಿರಿಗೆ ಎರಡು ಲೆಕ್ಕ

ಮೂರು ವಾರ ಕಳೆದರೂ ಕೆಮ್ಮು ಬಿಡದಿದ್ದಾಗ ಡಾಕ್ಟರು ಒಂದು ಪಿಎಫ್‌ಟಿ, ಅಂದರೆ ಶ್ವಾಸಕೋಶದ ಕಸುವಿನ ಪರೀಕ್ಷೆ, ಮಾಡಿಸಿಬಿಡಿ ಎಂದು ಚೀಟಿ ಬರೆದುಕೊಟ್ಟರು. ಆರ್.ಟಿ. ನಗರದ ಒಂದು ರೋಗಪತ್ತೆ ಕೇಂದ್ರ. ಮೊದಲ ಮಹಡಿಯಲ್ಲಿ ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲದ ಕೋಣೆ. ಟೆಕ್ನಿಷಿಯನ್ ಹುಡುಗಿ ಮೊದಲು ನನ್ನ ಎತ್ತರ ಅಳೆದಳು, ವಯಸ್ಸು ಕೇಳಿದಳು. ಆಮೇಲೆ ಮೂಗಿಗೆ ಕ್ಲಿಪ್ಪು ಸಿಕ್ಕಿಸಿ ಕೈಗೊಂದು ರಟ್ಟಿನ ಕೊಳವೆ ಕೊಟ್ಟಳು. "ತುಟಿ ಬಿಗಿಯಾಗಿ ಮುಚ್ಚಿ ಸಾರ್. ಪೂರ್ತಿ ಎಳ್ಕೊಳಿ, ಎಳ್ಕೊಳಿ, ಎಳ್ಕೊಳಿ… ಈಗ ಜೋರಾಗಿ ಊದಿ! ಊದಿ ಊದಿ ಊದಿ, ನಿಲ್ಲಿಸ್ಬೇಡಿ, ಇನ್ನೂ ಇದೆ ಸಾರ್, ಒಳಗೆ ಇನ್ನೂ ಇದೆ!" ಕಣ್ಣಲ್ಲಿ ನೀರು ಬಂತು. ಇನ್ನೇನೂ ಉಳಿದಿಲ್ಲ ಎಂದು ನನಗನಿಸಿದ ಮೇಲೂ ಪರದೆಯ ಗೆರೆ ಸಣ್ಣಗೆ ಮೇಲೇರುತ್ತಲೇ ಇತ್ತು. ಹೀಗೆ ಮೂರು ಸಲ.

ನಾನು ಹೊರಹಾಕಿದ ಗಾಳಿ 3.2 ಲೀಟರ್. ಅದರ ಪಕ್ಕದಲ್ಲಿ ಶೇ 89 ಎಂದಿತ್ತು. ಅಂದರೆ ನನ್ನ ವಯಸ್ಸು, ಎತ್ತರದ ಗಂಡಸಿನಲ್ಲಿ ಎಷ್ಟಿರಬೇಕೋ ಅದರ ನೂರಕ್ಕೆ ಎಂಬತ್ತೊಂಬತ್ತು ಪಾಲು, ತೊಂದರೆಯೇನಿಲ್ಲ. ಪರದೆಯ ಮೂಲೆಯಲ್ಲಿ 'ಇಂಡಿಯನ್' ಎಂದಿದ್ದುದು ಕಣ್ಣಿಗೆ ಬಿತ್ತು. ಇದನ್ನು ಬದಲಾಯಿಸಿದರೆ ಏನಾಗುತ್ತೆ ಎಂದು ಕೇಳಿದೆ. ಹುಡುಗಿ ನಗುತ್ತಾ 'ಕಕೇಶಿಯನ್' ಒತ್ತಿದಳು. 89 ಹೋಗಿ 74 ಬಂತು, ಅಂಕಿ ಕೆಂಪಾಯಿತು. ಊದಿದವನೂ ನಾನೇ, ಊದಿದ್ದೂ ಅದೇ 3.2 ಲೀಟರ್. ಒಂದು ಸಾಲಿನಲ್ಲಿ ಗಟ್ಟಿಮುಟ್ಟಾಗಿದ್ದವನು ಇನ್ನೊಂದು ಸಾಲಿನಲ್ಲಿ ರೋಗಿಯಾಗಿದ್ದೆ.

ಭಾರತೀಯರ ಶ್ವಾಸಕೋಶ ನಿಜಕ್ಕೂ ಚಿಕ್ಕದೇ? ಚಿಕ್ಕದಾಗಿದ್ದರೆ ಹುಟ್ಟಿನಿಂದ ಬಂದದ್ದೋ, ಬೆಳೆಯುವಾಗ ಕುಗ್ಗಿದ್ದೋ? ನೂರೈವತ್ತು ವರ್ಷಕ್ಕೂ ಹಳೆಯದಾದ ಈ ವಾದದ ಒಂದೆರಡು ಮುಖ್ಯ ಅಧ್ಯಾಯಗಳನ್ನು ಬರೆದಿರುವುದು ನಮ್ಮ ಕರ್ನಾಟಕದಲ್ಲೇ.

ತಿದಿ ಒತ್ತುವವರು ಯಾರು

ವಾದಕ್ಕಿಳಿಯುವ ಮೊದಲು ಯಂತ್ರವನ್ನು ಒಮ್ಮೆ ನೋಡಿಬಿಡೋಣ. ಶ್ವಾಸಕೋಶವನ್ನು ಕುಲುಮೆಯ ತಿದಿಗೆ ಹೋಲಿಸುವುದು ರೂಢಿ. ಹೋಲಿಕೆ ಸರಿಯೇ, ಆದರೆ ತಿದಿ ತನ್ನನ್ನು ತಾನೇ ಒತ್ತಿಕೊಳ್ಳುವುದಿಲ್ಲ. ತನ್ನನ್ನು ಉಬ್ಬಿಸಿಕೊಳ್ಳುವ ಸ್ನಾಯು ಶ್ವಾಸಕೋಶದಲ್ಲಿಲ್ಲ. ಆ ಕೆಲಸ ಮುಖ್ಯವಾಗಿ ವಪೆಯದು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಹರಡಿಕೊಂಡಿರುವ ಸ್ನಾಯುವಿನದು. ವಪೆ ಬಿಗಿದಾಗ ಗುಮ್ಮಟ ಒಂದೆರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಬಕೆಟ್ಟಿನ ಹಿಡಿ ಎತ್ತಿದ ಹಾಗೆ ಮೇಲಕ್ಕೂ ಹೊರಕ್ಕೂ ಏಳುತ್ತವೆ. ಎದೆಗೂಡಿನ ಒಳಗೋಡೆಗೂ ಶ್ವಾಸಕೋಶಕ್ಕೂ ನಡುವೆ ತೆಳ್ಳಗಿನ ನೀರಪೊರೆಯಿದೆ. ಒದ್ದೆ ಗಾಜಿನ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಜಾರುತ್ತವೆ, ಬಿಡಿಸಲು ಹೋದರೆ ಬರುವುದಿಲ್ಲ, ಇಲ್ಲಿಯೂ ಹಾಗೆಯೇ. ಎದೆಗೂಡು ಹಿಗ್ಗಿದರೆ ಶ್ವಾಸಕೋಶವೂ ಹಿಗ್ಗಲೇಬೇಕು. ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಬರೀ ಒಂದು ಸೆಂಟಿಮೀಟರ್ ನೀರಿನಷ್ಟು ಇಳಿಯುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವಾಗ ನಮ್ಮ ಬಾಯಿ ಇದರ ಹತ್ತು ಪಟ್ಟಿಗೂ ಹೆಚ್ಚು ಎಳೆಯುತ್ತದೆ. ಅಷ್ಟು ಸಣ್ಣ ಸೆಳೆತಕ್ಕೆ ಅರ್ಧ ಲೀಟರ್ ಗಾಳಿ ಒಳಗೆ ಬಂದುಬಿಡುತ್ತದೆ. ಉಸಿರು ಬಿಡುವುದಕ್ಕಂತೂ ಸುಮ್ಮನೆ ಕೂತಾಗ ಶ್ರಮವೇ ಬೇಡ. ಹಿಗ್ಗಿದ ರಬ್ಬರು ತಾನಾಗಿ ಕುಗ್ಗುತ್ತದೆ, ಅಷ್ಟೇ.

ಬಂದ ಗಾಳಿ ಇಪ್ಪತ್ತಮೂರು ಸಲ ಕವಲೊಡೆಯುವ ಕೊಳವೆಗಳಲ್ಲಿ ಹಾದು ಗಾಳಿಗೂಡುಗಳನ್ನು ಸೇರುತ್ತದೆ. ದೊಡ್ಡವರಲ್ಲಿ ಇವು ಸರಾಸರಿ 48 ಕೋಟಿ ಎಂದು ಎಣಿಸಿದ್ದಾರೆ, ಆದರೆ ಒಬ್ಬರಿಂದ ಒಬ್ಬರಿಗೆ ದುಪ್ಪಟ್ಟಿಗೂ ಮೀರಿದ ವ್ಯತ್ಯಾಸವಿದೆ. ಹುಟ್ಟುವಾಗ ಇದರ ಒಂದು ಸಣ್ಣ ಪಾಲಷ್ಟೇ ಇರುತ್ತದೆ. ಉಳಿದವು ಮೂಡುವುದು ಮುಖ್ಯವಾಗಿ ಮೊದಲ ಕೆಲವು ವರ್ಷಗಳಲ್ಲಿ. ಶ್ವಾಸಕೋಶ ಇಪ್ಪತ್ತು ಇಪ್ಪತ್ತೈದರ ಹೊತ್ತಿಗೆ ತುಟ್ಟತುದಿ ಮುಟ್ಟಿ, ಆಮೇಲೆ ವರ್ಷಕ್ಕೆ 25–30 ಮಿಲಿಲೀಟರ್ ಲೆಕ್ಕದಲ್ಲಿ ಇಳಿಯುತ್ತಾ ಹೋಗುತ್ತದೆ. ಈ ಏರಿಳಿತ ನೆನಪಿರಲಿ, ಮುಂದಿನ ವಾದಗಳೆಲ್ಲ ಇದರ ಸುತ್ತಲೇ ತಿರುಗುತ್ತವೆ. ಏರುವಾಗ ತಪ್ಪಿಹೋದದ್ದನ್ನು ಆಮೇಲೆ ತುಂಬಿಸಿಕೊಳ್ಳುವುದು ಕಷ್ಟ.

ನಮ್ಮ ಪಾರ್ಕಿನಲ್ಲಿ ಬೆಳಗ್ಗೆ ಕಪಾಲಭಾತಿ ಮಾಡುವ ಗೆಳೆಯರು ಇದನ್ನು ಒಪ್ಪುವುದಿಲ್ಲ. "ಪ್ರಾಣಾಯಾಮ ಮಾಡಿದ್ರೆ ಲಂಗ್ಸ್ ದೊಡ್ಡದಾಗುತ್ತೆ ಸಾರ್" ಎನ್ನುತ್ತಾರೆ. ಉಸಿರಿನ ಸ್ನಾಯುಗಳು ಪಳಗುತ್ತವೆ, ಊದುವ ಕಸುವು ಹೆಚ್ಚುತ್ತದೆ, ಉಬ್ಬಸದವರಿಗೆ ಉಪಯೋಗವೂ ಉಂಟು. ಬೆಂಗಳೂರಿನ ಡಾ. ನಾಗರತ್ನ ಮತ್ತು ಡಾ. ನಾಗೇಂದ್ರ 53 ಉಬ್ಬಸ ರೋಗಿಗಳಿಗೆ ಯೋಗ ಕಲಿಸಿ, ಕಲಿಯದ 53 ಮಂದಿಯೊಡನೆ ಹೋಲಿಸಿ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆದರೆ ಅದು ಉಬ್ಬಸ ತಗ್ಗಿದ ಕಥೆ. ನಡುವಯಸ್ಸಿನವನ ಎದೆಯಲ್ಲಿ ಗಾಳಿಗೂಡು ಹೊಸದಾಗಿ ಮೂಡಿದ ಕಥೆಯಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆಯಲ್ಲ, ಅದರ ಪರಿಣಾಮವೇನೂ ಇಲ್ಲವೇ ಎಂದು ಕೇಳುವವರಿದ್ದಾರೆ. ಮಂಗಳೂರಿನಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ವಾಯುಭಾರ ಇಲ್ಲಿ 680ರ ಆಸುಪಾಸು. ಪ್ರತಿ ಉಸಿರಿನಲ್ಲೂ ಆಮ್ಲಜನಕ ನೂರಕ್ಕೆ ಹತ್ತರಷ್ಟು ಕಡಿಮೆ. ಆಂಡೀಸ್ ಪರ್ವತದ ಮೇಲೆ ತಲೆಮಾರುಗಳಿಂದ ಬಾಳಿದವರ ಎದೆ ಅಗಲವಾಗಿರುವುದು ನಿಜವಾದರೂ ಅವರು ಇದರ ಮೂರು ನಾಲ್ಕು ಪಟ್ಟು ಎತ್ತರದಲ್ಲಿರುವವರು. ನಮ್ಮ ಪ್ರಶ್ನೆಗೆ ಈ ಎತ್ತರ ಉತ್ತರವಲ್ಲ.

ಹಚಿನ್‌ಸನ್ನನ ಡೋಲು

ಉಸಿರನ್ನು ಅಳೆಯುವ ಹುಚ್ಚು ಹಿಡಿದವನು ಜಾನ್ ಹಚಿನ್‌ಸನ್ ಎಂಬ ಇಂಗ್ಲಿಷ್ ವೈದ್ಯ. ನೀರಿನಲ್ಲಿ ಬೋರಲು ಹಾಕಿದ ಡೋಲು, ಅದರೊಳಕ್ಕೆ ಊದಲು ಕೊಳವೆ, ಎಷ್ಟು ಮೇಲೆದ್ದಿತೆಂದು ತೋರಿಸುವ ಪಟ್ಟಿ. ಇದೇ ಸ್ಪೈರೋಮೀಟರ್. 1846ರಲ್ಲಿ ಅವನು 2,130 ಮಂದಿಯ ಅಳತೆ ಪ್ರಕಟಿಸಿದ. ಅವರಲ್ಲಿ ನಾವಿಕರು, ಪೊಲೀಸರು, ಬೆಂಕಿ ನಂದಿಸುವವರು, ಕುಸ್ತಿಪಟುಗಳು, ಬಡವರ ಛತ್ರದಲ್ಲಿದ್ದವರು, ದೊಡ್ಡಮನುಷ್ಯರು ಎಲ್ಲರೂ ಇದ್ದರು. ಎದೆಯ ಸುತ್ತಳತೆಗೂ ಒಳಗಿನ ಗಾಳಿಗೂ ಸಂಬಂಧವಿಲ್ಲ, ಸಂಬಂಧವಿರುವುದು ಎತ್ತರಕ್ಕೆ ಎಂಬುದು ಅವನಿಗೆ ಕಂಡ ವಿಚಿತ್ರ. ಮೊನ್ನೆ ಆ ಹುಡುಗಿ ನನ್ನ ಎದೆ ಬಿಟ್ಟು ಎತ್ತರ ಅಳೆದದ್ದು ಅವನ ಮಾತಿನ ಮೇಲೆಯೇ. ಹಚಿನ್‌ಸನ್ನನಿಗೆ ಜೀವವಿಮೆಯವರ ನಂಟಿತ್ತು. ಯಾರು ಬೇಗ ಸಾಯುತ್ತಾರೆಂದು ಮುಂಚೆಯೇ ತಿಳಿದರೆ ವಿಮೆ ಕಂಪನಿಗೆ ಲಾಭವಲ್ಲವೇ?

ಅಳತೆಗೋಲು ಅಟ್ಲಾಂಟಿಕ್ ದಾಟಿದ ಮೇಲೆ ಕಥೆ ಕೆಟ್ಟಿತು. ಗುಲಾಮರ ಶ್ವಾಸಕೋಶದ ರಚನೆಯೇ ಬೇರೆ ಇರಬಹುದೆಂದು ಥಾಮಸ್ ಜೆಫರ್ಸನ್ 1780ರ ದಶಕದಲ್ಲೇ ಬರೆದಿದ್ದ. ಅಮೆರಿಕದ ದಕ್ಷಿಣ ಸಂಸ್ಥಾನಗಳ ವೈದ್ಯ, ಗುಲಾಮಗಿರಿಯ ವಕಾಲತ್ತು ವಹಿಸಿದ್ದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ 1851ರಲ್ಲಿ ಸ್ಪೈರೋಮೀಟರಿನಿಂದ ಸಾಕ್ಷಿ ಹೇಳಿಸಿ, ಕರಿಯರ ಉಸಿರು ನೂರಕ್ಕೆ ಇಪ್ಪತ್ತು ಕಡಿಮೆ, ಆದ್ದರಿಂದ ತೋಟದ ದುಡಿಮೆಯೇ ಅವರಿಗೆ ಒಳ್ಳೆಯದು ಎಂದ. ಅಂತರ್ಯುದ್ಧದ ಸೈನಿಕರ ಅಳತೆಗಳನ್ನು 1869ರಲ್ಲಿ ಪ್ರಕಟಿಸಿದ ಬೆಂಜಮಿನ್ ಗೌಲ್ಡ್ ಕೂಡ ಇಂಥದೇ ವ್ಯತ್ಯಾಸ ತೋರಿಸಿದ. ಆಗತಾನೇ ಸಂಕೋಲೆ ಕಳಚಿಕೊಂಡು ಬಂದವರ ಊಟ, ವಸತಿ, ಕಾಯಿಲೆಗಳು ಆ ಲೆಕ್ಕದಲ್ಲಿರಲಿಲ್ಲ. ಈ ಚರಿತ್ರೆಯನ್ನೆಲ್ಲ ಅಗೆದು ತೆಗೆದವರು ಅಮೆರಿಕದ ವಿದ್ವಾಂಸೆ ಲಂಡಿ ಬ್ರೌನ್. ಅವರ ಪುಸ್ತಕ 2014ರಲ್ಲಿ ಬಂತು.

ನಮ್ಮ ಕಡೆ 1932ರಲ್ಲಿ ದಕ್ಷಿಣ ಭಾರತದ 103 ವೈದ್ಯವಿದ್ಯಾರ್ಥಿಗಳ ಉಸಿರಿನ ಅಳತೆ ಪ್ರಕಟವಾಯಿತು. ಮುಂದೆ ಮುಂಬೈಯಲ್ಲಿ ಉದ್ವಾಡಿಯ, ಚೆನ್ನೈಯಲ್ಲಿ ವಿಜಯನ್, ದೆಹಲಿಯಲ್ಲಿ ಛಾಬ್ರಾ ತಮ್ಮ ತಮ್ಮ ಊರಿನ ಆರೋಗ್ಯವಂತರನ್ನು ಅಳೆದು ಸಮೀಕರಣ ಕಟ್ಟಿದರು. ಎಲ್ಲರಿಗೂ ಸಿಕ್ಕಿದ್ದು ಯುರೋಪಿನವರಿಗಿಂತ ಕಡಿಮೆ ಅಂಕಿಯೇ, ಆದರೆ ಎಷ್ಟು ಕಡಿಮೆ ಎಂಬುದರಲ್ಲಿ ಊರಿಗೊಂದು ಲೆಕ್ಕ. ಇತ್ತೀಚಿನ ದೊಡ್ಡ ಹೋಲಿಕೆಯೆಂದರೆ 'ಪ್ಯೂರ್' ಅಧ್ಯಯನ. ಭಾರತದಲ್ಲಿ ಅದರ ಉಸ್ತುವಾರಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯದು. ಸಿಗರೇಟು ಸೇದದ ಆರೋಗ್ಯವಂತರನ್ನು 17 ದೇಶಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ವಯಸ್ಸು, ಎತ್ತರ, ಲಿಂಗ ಸರಿಹೊಂದಿಸಿದ ಮೇಲೂ, ಮೊದಲ ಒಂದು ಸೆಕೆಂಡಿನಲ್ಲಿ ಊದುವ ಗಾಳಿ ದಕ್ಷಿಣ ಏಷ್ಯಾದವರಲ್ಲಿ ಉತ್ತರ ಅಮೆರಿಕ ಮತ್ತು ಯುರೋಪಿನವರಿಗಿಂತ ಶೇ 31 ಕಡಿಮೆ. ಅಂತರವಿದೆಯೇ ಎಂಬ ಬಗ್ಗೆ ಈಗ ಜಗಳವಿಲ್ಲ. ಏಕೆ ಎಂಬುದಷ್ಟೇ ಜಗಳ.

ಮೈಕಟ್ಟೋ, ವಂಶವೋ

ಒಂದು ಪಂಥದವರು ಮೈಕಟ್ಟಿನ ಕಡೆ ಬೊಟ್ಟು ಮಾಡುತ್ತಾರೆ. ಇಬ್ಬರು ಐದೂವರೆ ಅಡಿ ಎತ್ತರದವರಲ್ಲಿ ಒಬ್ಬನದು ಉದ್ದ ಕಾಲು, ಗಿಡ್ಡ ಮುಂಡ, ಇನ್ನೊಬ್ಬನದು ತದ್ವಿರುದ್ಧ. ಶ್ವಾಸಕೋಶ ಇರುವುದು ಮುಂಡದಲ್ಲಿ, ಕಾಲಿನಲ್ಲಲ್ಲ. ಹಾಗಾಗಿ ನಿಂತ ಎತ್ತರದ ಬದಲು ಕೂತ ಎತ್ತರ ಹಿಡಿದರೆ ಅಂತರದ ಒಂದು ಪಾಲು ಕರಗಿಹೋಗುತ್ತದೆ. ಕೇಳಲು ಸೊಗಸಾದ ವಿವರಣೆ. ಆದರೆ ಲಂಡನ್ನಿನ ಪ್ರಾಥಮಿಕ ಶಾಲೆಗಳಲ್ಲಿ 'ಸ್ಲಿಕ್' ಎಂಬ ಅಧ್ಯಯನದವರು ಮಕ್ಕಳ ಮೈಯನ್ನು ಬೆಳಕಿನ ಸ್ಕ್ಯಾನರಿನಿಂದ ಮೂರು ಆಯಾಮದಲ್ಲಿ ಅಳೆದು, ಎದೆಯ ಆಕಾರದವರೆಗೂ ಲೆಕ್ಕ ಹಾಕಿ ನೋಡಿದರು. ಆಗಲೂ ಭಾರತೀಯ ಮೂಲದ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ನಡುವಿನ ಅಂತರ ಪೂರ್ತಿ ಮುಚ್ಚಲಿಲ್ಲ. ಕೂತ ಎತ್ತರವೂ ಬಾಲ್ಯದ ಊಟದ ಮೇಲೆ ನಿಂತಿದೆ ಎಂಬುದು ಬೇರೆ ಮಾತು.

ಇನ್ನುಳಿದದ್ದು ವಂಶದ ಕೊಡುಗೆ ಎನ್ನುತ್ತದೆ ಎರಡನೆಯ ಪಂಥ. ಅಮೆರಿಕದಲ್ಲಿ ತಮ್ಮನ್ನು ಕರಿಯರೆಂದು ಕರೆದುಕೊಳ್ಳುವವರ ವಂಶವಾಹಿಯಲ್ಲಿ ಆಫ್ರಿಕಾದ ಪಾಲು ಹೆಚ್ಚಿದ್ದಷ್ಟೂ ಉಸಿರಿನ ಅಳತೆ ಕಡಿಮೆ ಎಂದು 2010ರ ಒಂದು ಅಧ್ಯಯನ ತೋರಿಸಿತು. ಆದರೆ ಅಲ್ಲಿ ವಂಶದ ಪಾಲಿನ ಜತೆ ಬಡತನದ ಪಾಲೂ ಅಂಟಿಕೊಂಡೇ ಬರುತ್ತದೆ. ಎರಡನ್ನೂ ಬಿಡಿಸುವುದು ಸುಲಭವಲ್ಲ. ಇನ್ನು ನಮ್ಮಲ್ಲಿ 'ಭಾರತೀಯ' ಎಂಬ ಒಂದೇ ವಂಶ ಎಲ್ಲಿದೆ? ಕೊಡಗಿನವರು, ಸೋಲಿಗರು, ಯಶವಂತಪುರದ ಮಂಡಿಯಲ್ಲಿ ಕೂತ ಮಾರವಾಡಿಗಳು ಎಲ್ಲರನ್ನೂ ಒಂದೇ ಸಾಲಿಗೆ ಸೇರಿಸುವ ಆ ಪರದೆಯ ಪಟ್ಟಿಯನ್ನು ಜೀವವಿಜ್ಞಾನ ಎಂದು ಒಪ್ಪಲು ನನಗೆ ಮನಸ್ಸಿಲ್ಲ.

ಮಿಷನ್ ಆಸ್ಪತ್ರೆಯ ಹಳೆಯ ದಫ್ತರ

ಗರ್ಭದಲ್ಲಿ, ಬಾಲ್ಯದಲ್ಲಿ ಬೆಳೆಯುವಾಗ ಕುಗ್ಗಿದ್ದು ಎನ್ನುತ್ತದೆ ಮೂರನೆಯ ಪಂಥ. ಅದರ ಒಂದು ಬಲವಾದ ಸಾಕ್ಷಿ ಮೈಸೂರಿನದು. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಸೂಲಗಿತ್ತಿಯರು ಅಚ್ಚುಕಟ್ಟಾಗಿ ಬರೆದಿಡುತ್ತಿದ್ದರು. ಅರ್ಧ ಶತಮಾನದ ಮೇಲೆ ಆ ದಫ್ತರ ಸಂಶೋಧಕರ ಕೈಗೆ ಸಿಕ್ಕಿತು. ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಗರ್ಭದಲ್ಲಿ ಸೊರಗಿದ ಮಗುವಿಗೆ ದೊಡ್ಡದಾದ ಮೇಲೆ ಹೃದಯ, ಶ್ವಾಸಕೋಶಗಳ ತೊಂದರೆ ಕಾಡುತ್ತದೆಂದು ಅಲ್ಲಿನ ಹಳೆಯ ಜನನ ದಾಖಲೆಗಳಿಂದ ವಾದಿಸಿದ್ದ. ಅದು ಇಲ್ಲಿಗೂ ಹೊಂದುತ್ತದೆಯೇ?

ಮನೆಮನೆ ತಿರುಗಿ, ಆ ಆಸ್ಪತ್ರೆಯಲ್ಲಿ ಹುಟ್ಟಿ ಇನ್ನೂ ಮೈಸೂರಿನಲ್ಲೇ ಇದ್ದವರನ್ನು ಹುಡುಕಿದರು. 38ರಿಂದ 59 ವರ್ಷದ 286 ಗಂಡಸರು, ಹೆಂಗಸರು ಕೊಳವೆಗೆ ಊದಿದರು. 1997ರಲ್ಲಿ 'ಥೊರ್‍ಯಾಕ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ತೂಕ ಕಡಿಮೆಯಿದ್ದಷ್ಟೂ, ಈಗಿನ ಎತ್ತರ ಮತ್ತು ವಯಸ್ಸು ಸರಿಹೊಂದಿಸಿದ ಮೇಲೂ, ಉಸಿರಿನ ಅಳತೆ ಕಡಿಮೆ. ಯಾವುದೋ ಬೆಳಗಿನ ಜಾವ ಸೂಲಗಿತ್ತಿ ತಕ್ಕಡಿ ನೋಡಿ ಬರೆದ ಅಂಕಿ, ಐವತ್ತು ವರ್ಷದ ಬಳಿಕ ಆ ಮಗುವಿನ ಒಂದು ಊದಿನಲ್ಲಿ ಮತ್ತೆ ಕಾಣಿಸಿಕೊಂಡಿತು.

ಗಾಳಿಗೂಡುಗಳ ಬೆಳವಣಿಗೆಯ ಲೆಕ್ಕಕ್ಕೆ ಇದು ಸರಿಯಾಗಿ ಕೂರುತ್ತದೆ. ತಾಯಿಯ ರಕ್ತಹೀನತೆ, ಹೊತ್ತಿಗೆ ಮುಂಚಿನ ಹೆರಿಗೆ, ಮೊದಲ ವರ್ಷದ ನ್ಯುಮೋನಿಯಾ, ಯಾವುದಾದರೂ ಸರಿ, ಆ ಬಾಗಿಲು ತೆರೆದಿರುವಾಗ ತಟ್ಟಿದರೆ ಪೆಟ್ಟು ಉಳಿಯುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ತೂಕ ದಾಖಲಾದ ನಮ್ಮ ಮಕ್ಕಳಲ್ಲಿ ನೂರಕ್ಕೆ ಸುಮಾರು 18 ಮಂದಿ ಈಗಲೂ ಎರಡೂವರೆ ಕಿಲೋಗಿಂತ ಕಡಿಮೆ. ಆದರೆ ಮೈಸೂರಿನ ಫಲಿತಾಂಶ ಭಾರತೀಯರ ನಡುವಣ ಅಂತರವನ್ನು ವಿವರಿಸುತ್ತದೆಯೇ ಹೊರತು, ಒಳ್ಳೆಯ ತೂಕದಲ್ಲಿ ಹುಟ್ಟಿದ ಭಾರತೀಯನೂ ಇಂಗ್ಲೆಂಡಿನವನಿಗಿಂತ ಏಕೆ ಕಡಿಮೆ ಊದುತ್ತಾನೆ ಎಂಬುದನ್ನಲ್ಲ.

ಹೆಬ್ಬಾಳದಿಂದ ರಾಜಾನುಕುಂಟೆಗೆ

ಹೆಬ್ಬಾಳದ ಮೇಲುಸೇತುವೆ ಹತ್ತಿ ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ಅಲ್ಲಿಂದ ದೊಡ್ಡಬಳ್ಳಾಪುರದ ರಸ್ತೆಗೆ ಹೊರಳಿದರೆ ರಾಜಾನುಕುಂಟೆ. ಒಂದು ಗಂಟೆಯ ಈ ದಾರಿಯಲ್ಲಿ ನಗರ, ಅರೆನಗರ, ಹಳ್ಳಿ ಮೂರೂ ಸಾಲಾಗಿ ಬರುತ್ತವೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದಾಗಿನಿಂದ ನನಗೆ ಈ ರಸ್ತೆ ಬೇರೆಯಾಗಿ ಕಾಣುತ್ತಿದೆ.

ಆ ಅಧ್ಯಯನದ ಮುಂದಾಳು ಡಾ. ಸಮತಾ ಸೊಣ್ಣಪ್ಪ. ಲಂಡನ್ನಿನ ತಂಡದ ಜತೆ ಬೆಂಗಳೂರಿನ ಸಂಶೋಧಕರೂ ಕೈಗೂಡಿಸಿದ್ದರು. 5ರಿಂದ 12 ವರ್ಷದ 728 ಆರೋಗ್ಯವಂತ ಮಕ್ಕಳನ್ನು ನಗರ, ಅರೆನಗರ, ಹಳ್ಳಿಯ ಶಾಲೆಗಳಿಂದ ಆರಿಸಿ ಊದಿಸಿದರು. ಹೋಲಿಕೆಗೆ ಲಂಡನ್ನಿನಲ್ಲಿ ಬೆಳೆಯುತ್ತಿದ್ದ 311 ಭಾರತೀಯ ಮೂಲದ ಮಕ್ಕಳಿದ್ದರು. ಒಟ್ಟಾಗಿ ನೋಡಿದರೆ ಇಲ್ಲಿನ ಮಕ್ಕಳ ಅಳತೆ ಲಂಡನ್ನಿನವರಿಗಿಂತ ಕಡಿಮೆ. ಆದರೆ ಬೇರೆಬೇರೆ ಮಾಡಿ ನೋಡಿದಾಗ ಕಂಡದ್ದೇ ಬೇರೆ: ನಮ್ಮ ನಗರದ ಮಕ್ಕಳಿಗೂ ಲಂಡನ್ನಿನ ಭಾರತೀಯ ಮಕ್ಕಳಿಗೂ ವ್ಯತ್ಯಾಸವೇ ಇರಲಿಲ್ಲ. ಅರೆನಗರದವರು ನಗರದವರಿಗಿಂತ ಅರ್ಧ ಝಡ್ ಅಂಕ ಕೆಳಗೆ, ಹಳ್ಳಿಯವರು 0.9 ಅಂಕ ಕೆಳಗೆ. ಸರಳವಾಗಿ ಹೇಳುವುದಾದರೆ ಹಳ್ಳಿಯ ಮಗು ನಗರದ ಮಗುವಿಗಿಂತ ನೂರಕ್ಕೆ ಹತ್ತರ ಆಸುಪಾಸು ಕಡಿಮೆ ಊದುತ್ತಿತ್ತು. ಒಟ್ಟು ಗಾಳಿಗೂ ಮೊದಲ ಸೆಕೆಂಡಿನ ಗಾಳಿಗೂ ಇರುವ ಅನುಪಾತ ಮಾತ್ರ ಎಲ್ಲರಲ್ಲೂ ಒಂದೇ. ಅಂದರೆ ಕೊಳವೆಗಳು ಕಟ್ಟಿಕೊಂಡಿರಲಿಲ್ಲ, ಇಡೀ ತಿದಿಯೇ ಚಿಕ್ಕದಾಗಿತ್ತು. ಮಗುವಿನ ಮೈತೂಕ, ಮನೆಯ ಆರ್ಥಿಕ ಸ್ಥಿತಿ, ಬೀಡಿ–ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ, ಈ ಒಂದೊಂದಕ್ಕೂ ಅಳತೆಯ ಜತೆ ನಂಟು ಕಂಡಿತು.

ಒಂದೇ ಭಾಷೆ, ಹೆಚ್ಚುಕಡಿಮೆ ಒಂದೇ ಮೂಲದ ಮಕ್ಕಳಲ್ಲಿ ರಸ್ತೆಯುದ್ದಕ್ಕೂ ಉಸಿರು ಕುಗ್ಗುತ್ತಾ ಹೋಗುವುದಾದರೆ ಅದನ್ನು ವಂಶದ ತಲೆಗೆ ಕಟ್ಟುವುದು ಹೇಗೆ? ನನ್ನ ಮಟ್ಟಿಗೆ ಈ ಇಡೀ ವಾದದಲ್ಲಿ ಇದರಷ್ಟು ತೂಕದ ಸಾಕ್ಷಿ ಮತ್ತೊಂದಿಲ್ಲ.

ಇದರೊಳಗೇ ಒಂದು ಒಗಟೂ ಇದೆ. ಗಾಳಿ ಕೆಟ್ಟಿರುವುದು ನಗರದಲ್ಲಲ್ಲವೇ? ಸಂಜೆ ಆರರ ಮೇಲೆ ಹೆಬ್ಬಾಳದ ಸೇತುವೆ ಕೆಳಗೆ ಆಟೋದಲ್ಲಿ ಕೂತವರಿಗೆ ಬೇರೆ ಪುರಾವೆ ಬೇಕಿಲ್ಲ. ಲೇಕ್‌ಸೈಡ್ ಆಸ್ಪತ್ರೆಯ ಡಾ. ಎಚ್. ಪರಮೇಶ್ 1979ರಿಂದ 1999ರವರೆಗೆ 20,000 ಮಕ್ಕಳ ದಾಖಲೆ ನೋಡಿ, ಉಬ್ಬಸ ಶೇ 9ರಿಂದ 29.5ಕ್ಕೆ ಏರಿತೆಂದು ತೋರಿಸಿದ್ದರು. ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಾದ್ದರಿಂದ ಅದನ್ನು ಇಡೀ ಊರಿನ ಲೆಕ್ಕವೆಂದು ಓದಬಾರದು; ಹಾಗೆ ಓದಿಯೇ ಬೆಂಗಳೂರಿಗೆ ಉಬ್ಬಸದ ರಾಜಧಾನಿ ಎಂಬ ಹೆಸರು ಅಂಟಿಕೊಂಡಿದ್ದು. ಆದರೂ ಏರಿಕೆ ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಗಾಳಿ ತಿಳಿಯಾಗುತ್ತಾ ಬಂದಂತೆ ಒಂದರ ಹಿಂದೊಂದು ತಂಡದ ಮಕ್ಕಳ ಶ್ವಾಸಕೋಶ ಹೆಚ್ಚು ಬೆಳೆದದ್ದನ್ನು 2015ರಲ್ಲಿ ದಾಖಲಿಸಿದ್ದಾರೆ. ಹಾಗಿದ್ದ ಮೇಲೆ ಹೊಗೆ ಕುಡಿಯುವ ನಗರದ ಮಗು ಗೆಲ್ಲುವುದು ಹೇಗೆ?

ಹಳ್ಳಿಯ ಗಾಳಿ ಶುದ್ಧ ಎಂಬುದು ಅಂಗಳದ ಮಾತು. ಮಗು ಮೊದಲ ಮೂರು ವರ್ಷ ಕಳೆಯುವುದು ಅಡುಗೆಮನೆಯಲ್ಲಿ, ತಾಯಿಯ ಸೊಂಟದ ಮೇಲೆ, ಒಲೆಯ ಬಾಯೆದುರು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರ ಇದನ್ನು ಬಹಳ ಮುಂಚೆಯೇ ಗುರುತಿಸಿತ್ತು. ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿಯಲ್ಲಿ ನೆಲೆ ಮಾಡಿಕೊಂಡು ಅವರು ರೂಪಿಸಿದ 'ಅಸ್ತ್ರ ಒಲೆ' ಹೊಗೆಗೂಡಿನ ಮೂಲಕ ಹೊಗೆಯನ್ನು ಸೂರಿನಾಚೆ ಸಾಗಿಸುತ್ತಿತ್ತು. ಅವರ ಮೊದಲ ಗುರಿ ಸೌದೆ ಉಳಿಸುವುದು. ಉಸಿರು ಉಳಿದದ್ದು ಅದರ ಜತೆಗೆ ಬಂದ ಲಾಭ. ಬೇರೆ ವಾದವೂ ಇದೆ: ನಗರದ ಮಕ್ಕಳ ಹೊಟ್ಟೆಗೆ ಬೀಳುವ ಹಾಲು, ಮೊಟ್ಟೆ, ಸಮಯಕ್ಕೆ ಸಿಗುವ ಔಷಧಿ ಇವು ಟ್ರಾಫಿಕ್ ಹೊಗೆ ಕಿತ್ತುಕೊಂಡದ್ದಕ್ಕಿಂತ ಹೆಚ್ಚು ಕೊಟ್ಟಿರಬಹುದು. ಎರಡರಲ್ಲಿ ಯಾವುದು ಎಷ್ಟು ಎಂದು ತೂಗಿ ಹೇಳಲು ಸೊಣ್ಣಪ್ಪ ಅವರ ಅಧ್ಯಯನಕ್ಕೆ ಆಗಿಲ್ಲ. ಅದು ಮಕ್ಕಳನ್ನು ಒಂದು ಕ್ಷಣದಲ್ಲಿ ಹಿಡಿದ ಚಿತ್ರ, ಬೆಳೆಯುತ್ತಾ ಹೋದ ಹಾಗೆ ಹಿಂಬಾಲಿಸಿದ್ದಲ್ಲ.

ತಿದ್ದುವುದೋ, ಬಿಡುವುದೋ

ಕಾರಣ ಏನೇ ಇರಲಿ, ನಾಳೆ ಬೆಳಗ್ಗೆ ಊದಲು ಬರುವ ರೋಗಿಗೆ ಯಾವ ಅಂಕಿ ಹೇಳಬೇಕು? ಇಲ್ಲಿ ಡಾಕ್ಟರುಗಳೇ ಎರಡು ಪಾಳಯವಾಗಿದ್ದಾರೆ.

ಬಹುಕಾಲ ನಡೆದದ್ದು ತಿದ್ದುಪಡಿ. ಯುರೋಪಿನ ಅಂಕಿಯನ್ನು 0.9ರಿಂದ ಗುಣಿಸು, ಭಾರತೀಯನದು ಸಿಕ್ಕಿತು. ಇದಕ್ಕೆ ಸಮರ್ಥನೆಯೂ ಇದೆ. ತಿದ್ದದಿದ್ದರೆ ನನ್ನಂಥ ಸಾವಿರಾರು ಮಂದಿ ಕೆಂಪು ಅಂಕಿ ಹಿಡಿದು ಸ್ಕ್ಯಾನಿಂಗ್‌ಗೆ ಓಡಬೇಕು, ದೈಹಿಕ ಪರೀಕ್ಷೆ ಕೇಳುವ ಕೆಲಸಗಳು ಕೈತಪ್ಪಬೇಕು. ಮತ್ತೊಂದು ಪಾಳಯದ ಪ್ರಶ್ನೆ ಹೀಗೆ: ಬಡತನ, ಹೊಗೆಗಳಿಂದ ಕುಗ್ಗಿದವರನ್ನೇ ಅಳೆದು, ಇದೇ ಇವರಿಗೆ ಸಹಜ ಎಂದರೆ, ರೋಗವನ್ನೇ ಅಳತೆಗೋಲು ಮಾಡಿದ ಹಾಗಾಗಲಿಲ್ಲವೇ? 1999ರಲ್ಲಿ ಬಾಲ್ಟಿಮೋರಿನಲ್ಲಿ ಕಲ್ನಾರಿನ ದೂಳು ಕುಡಿದ ಕಾರ್ಮಿಕರು ಪರಿಹಾರ ಕೇಳಿದಾಗ, ಕರಿಯ ಕಾರ್ಮಿಕರ ಉಸಿರು ಮೊದಲೇ ಕಡಿಮೆ, ಆದ್ದರಿಂದ ಅವರು ಇನ್ನೂ ಹೆಚ್ಚು ಹಾನಿ ತೋರಿಸಬೇಕೆಂದು ಒಂದು ಕಂಪನಿ ವಾದ ಹೂಡಿತ್ತು. ನಮಗೆ ಇದು ದೂರದ ಕಥೆಯಲ್ಲ. ದೇಶದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ. ಕಲ್ಲುಪುಡಿಯ ದೂಳಿಗೆ ಒಡ್ಡಿಕೊಳ್ಳುವ ಕೆಲಸಗಾರನ ಉಸಿರು ಎಷ್ಟು ಕುಂದಿತು ಎಂಬ ಲೆಕ್ಕ, ಮೊದಲು ಎಷ್ಟಿರಬೇಕಿತ್ತು ಎಂಬ ಊಹೆಯ ಮೇಲೆ ನಿಂತಿರುತ್ತದೆ.

ಎರಡನೆಯ ಪಾಳಯಕ್ಕೆ ಬಲ ಕೊಟ್ಟದ್ದು ಸಾವಿನ ಲೆಕ್ಕ. ಅಮೆರಿಕದ ಜನರ ದಾಖಲೆ ನೋಡಿದ ಸಂಶೋಧಕರಾದ ಬರ್ನಿ ಮತ್ತು ಹೂಪರ್ 2012ರ ಹೊತ್ತಿಗೆ ಕಂಡುಕೊಂಡದ್ದು: ಆಯುಷ್ಯ ಹೊಂದಿಕೊಳ್ಳುವುದು ತಿದ್ದಿದ ಅಂಕಿಗಲ್ಲ, ಊದಿದ ಗಾಳಿಯ ಅಸಲಿ ಅಳತೆಗೆ. ಚಿಕ್ಕ ಶ್ವಾಸಕೋಶ ನಿರುಪದ್ರವಿ ಎಂಬ ಸಮಾಧಾನವನ್ನು ಈ ಫಲಿತಾಂಶ ಅಲ್ಲಾಡಿಸಿತು. ಸುಮ್ಮನೆ ಕೂತಾಗ ಅರ್ಧ ಲೀಟರಿನಲ್ಲೇ ನಮ್ಮ ಸಂಸಾರ ಸಾಗುತ್ತದೆ, ಓಡುವಾಗಲೂ ಆರೋಗ್ಯವಂತನಿಗೆ ಮೊದಲು ಸೋಲುವುದು ಹೃದಯ, ಶ್ವಾಸಕೋಶವಲ್ಲ. ಹೀಗಿರುವಾಗ ಆ ಅಂಕಿಗೂ ಆಯುಷ್ಯಕ್ಕೂ ಏನು ಸಂಬಂಧ? ಬಾಲ್ಯದ ಬವಣೆಯೇ ಎರಡನ್ನೂ ಬರೆದಿರಬಹುದು, ಉಸಿರಿನ ಅಳತೆ ಅದರ ಗುರುತು ಮಾತ್ರ ಎಂಬುದು ಒಂದು ಅಭಿಪ್ರಾಯ.

ಜಾಗತಿಕ ಪ್ರಯತ್ನವೂ ನಡೆಯಿತು. 'ಜಿಎಲ್‌ಐ' ಎಂಬ ಅಂತರರಾಷ್ಟ್ರೀಯ ಗುಂಪು 3ರಿಂದ 95 ವರ್ಷದ 74,187 ಆರೋಗ್ಯವಂತರ ಅಳತೆ ಕೂಡಿಸಿ 2012ರಲ್ಲಿ ಸಮೀಕರಣಗಳನ್ನು ಹೊರತಂದಿತು. ಬಿಳಿಯರಿಗೊಂದು, ಅಮೆರಿಕದ ಕರಿಯರಿಗೊಂದು, ಈಶಾನ್ಯ ಏಷ್ಯಾದವರಿಗೊಂದು, ಆಗ್ನೇಯ ಏಷ್ಯಾದವರಿಗೊಂದು. ನೂರಕ್ಕೂ ಹೆಚ್ಚು ಕೋಟಿ ಜನರಿರುವ ನಮಗೆ ಪ್ರತ್ಯೇಕ ಸಾಲೇ ಇರಲಿಲ್ಲ. ನಮ್ಮನ್ನು ಸೇರಿಸಬೇಕಾದದ್ದು 'ಇತರೆ'ಯಲ್ಲಿ. 2023ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ ಈ ವಿಂಗಡಣೆಯನ್ನೇ ಬಿಟ್ಟು, ಎಲ್ಲರಿಗೂ ಒಂದೇ ಸರಾಸರಿ ಸಮೀಕರಣ ಬಳಸಿ ಎಂದು ಶಿಫಾರಸು ಮಾಡಿತು. ನ್ಯಾಯದ ಕಡೆಯಿಂದ ನೋಡಿದರೆ ಒಪ್ಪುವ ಮಾತೇ. ಆದರೆ ಆ ಸರಾಸರಿ ಕಟ್ಟಿದ ರಾಶಿಯಲ್ಲೂ ನಮ್ಮ ಉಸಿರಿಲ್ಲ.

ಇನ್ನೂ ತೀರದ್ದು

ಊಟ, ಒಲೆ, ಹುಟ್ಟುತೂಕ ಎಲ್ಲ ಸರಿಹೋದ ಮೇಲೂ ಲಂಡನ್ನಿನ ಭಾರತೀಯ ಮಗು ಪಕ್ಕದ ಬೆಂಚಿನ ಬಿಳಿಯ ಮಗುವಿಗಿಂತ ಕಡಿಮೆಯೇ ಊದುತ್ತದೆ. ಆ ಉಳಿಕೆ ವಂಶದ್ದೋ, ಅಥವಾ ಅಜ್ಜಿಯ ಹಸಿವು ಮೊಮ್ಮಗಳ ಎದೆಗೂಡಿನವರೆಗೆ ಬರುತ್ತದೋ? ತಾಯಿ ಚೆನ್ನಾಗಿ ಬೆಳೆದರೆ ಮಗಳ ಎತ್ತರ ಏರುವುದನ್ನು ಕಂಡಿದ್ದೇವೆ. ಶ್ವಾಸಕೋಶ ಎರಡು ತಲೆಮಾರಿನಲ್ಲಿ ಎಷ್ಟು ಏರುತ್ತದೆಂದು ಅಳೆದು ನೋಡಲು ಒಂದೇ ಕುಟುಂಬಗಳನ್ನು ಐವತ್ತು ವರ್ಷ ಹಿಂಬಾಲಿಸಬೇಕು. ಚಿಕ್ಕ ಶ್ವಾಸಕೋಶದಲ್ಲಿ ಗಾಳಿಗೂಡುಗಳ ಸಂಖ್ಯೆ ಕಡಿಮೆಯೋ, ಗಾತ್ರ ಕಡಿಮೆಯೋ ಎಂಬುದೂ ಊದಿಸಿ ತಿಳಿಯುವಂಥದ್ದಲ್ಲ. ನಗರದ ಮಗುವಿನ ಮುನ್ನಡೆ ಇಪ್ಪತ್ತೈದರ ತುದಿಯವರೆಗೆ ಉಳಿಯುತ್ತದೆಯೇ, ಟ್ರಾಫಿಕ್ ಹೊಗೆ ಅಷ್ಟರಲ್ಲಿ ಅದನ್ನು ತಿಂದುಹಾಕುತ್ತದೆಯೇ ಎಂಬುದೂ ತೀರ್ಮಾನವಾಗಿಲ್ಲ.

ಇತ್ತ ನಗರ, ಅರೆನಗರ, ಹಳ್ಳಿ ಎಂದು ನಾವು ಎಳೆದ ಗೆರೆಗಳೇ ಈಗ ಅಳಿಸಿಹೋಗುತ್ತಿವೆ. ಯಲಹಂಕ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿತು. ಈಗ ಅಲ್ಲಿ ಯಾವ ಶಾಲೆ ನಗರ, ಯಾವುದು ಅರೆನಗರ? ಮೊನ್ನೆ ರಾಜಾನುಕುಂಟೆಯ ಕಡೆ ಹೋದಾಗ ಮೇಲೇಳುತ್ತಿದ್ದ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲಿತ್ತು. ರಾಯಚೂರು, ಕಲಬುರಗಿ ಕಡೆಯಿಂದ ಬಂದ ಗಾರೆ ಕೆಲಸದವರ ಬಿಡಾರ. ಮೂರು ಇಟ್ಟಿಗೆಯ ಒಲೆಯಲ್ಲಿ ಕಿತ್ತೊಗೆದ ಸೆಂಟ್ರಿಂಗ್ ಹಲಗೆ ಉರಿಯುತ್ತಿತ್ತು. ಐದಾರು ವರ್ಷದ ಹುಡುಗನೊಬ್ಬ ಸಿಮೆಂಟ್ ಚೀಲದ ಮೇಲೆ ಕೂತು ಬೆಂಕಿ ಊದುತ್ತಿದ್ದ. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಉಸಿರು ಮುಗಿಯುವವರೆಗೆ ಊದಿ, ಕೆಮ್ಮಿ, ಮತ್ತೆ ಊದುತ್ತಿದ್ದ. ಆ ಟೆಕ್ನಿಷಿಯನ್ ಹುಡುಗಿಯ ಕೋಣೆಗೆ ಅವನನ್ನು ಕರೆದೊಯ್ದರೆ ಪರದೆಯ ಪಟ್ಟಿಯಲ್ಲಿ ಅವಳು ಯಾವ ಸಾಲು ಒತ್ತಬೇಕು ಎಂದು ನನಗೆ ಹೊಳೆಯಲಿಲ್ಲ.